ಬೀರುವಿನ ಬೀಗ: ಶಾಲೆಯ ಕಲಿಕೆಯಲ್ಲಿ ಹೆತ್ತವರ ಪಾಲು



ದತ್ತಿ ಉಪನ್ಯಾಸವೆಂದರೆ ತುಮಕೂರಿನ ಯಾವುದಾದರೂ ಸಭಾಂಗಣದಲ್ಲಿ, ಓದು ಬರಹ ಬಲ್ಲ ನೂರು ಜನರ ಮುಂದೆ ನಡೆಯುವುದು ರೂಢಿ. ಈ ಸಲ ವಸಂತನರಸಾಪುರದಲ್ಲೇ, ಅದೂ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಸೋಣ ಎಂದಾಗ ನಾನು ಎರಡನೆಯ ಮಾತಾಡದೆ ಒಪ್ಪಿದೆ. ಮಕ್ಕಳಿಗೆ ಶಾಲೆಯಲ್ಲಿ ಏನು ಕಲಿಸಬೇಕು, ಅದರಲ್ಲಿ ಹೆತ್ತವರ ಮಾತು ಎಷ್ಟು ನಡೆಯಬೇಕು ಎಂಬ ವಿಷಯವನ್ನು ಹೆತ್ತವರಿಲ್ಲದ ಸಭೆಯಲ್ಲಿ ಮಾತಾಡಿ ಪ್ರಯೋಜನವೇನು?

ಮೊದಲು ಒಂದು ಬೀರುವಿನ ವಿಚಾರ ಹೇಳುತ್ತೇನೆ. ನಾನು ಮೇಷ್ಟ್ರಾಗಿದ್ದ ಶಾಲೆಯೊಂದರ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು ಇತ್ತು. ಇಲಾಖೆಯಿಂದ ಬಂದ ಕಥೆ ಪುಸ್ತಕಗಳು, ಚಿತ್ರದ ಪುಸ್ತಕಗಳು, ಒಂದು ಗ್ಲೋಬು, ಎರಡು ಭೂತಗನ್ನಡಿ ಅದರೊಳಗೆ ಭದ್ರವಾಗಿದ್ದವು. ಒಂದು ಪುಸ್ತಕ ಕಳೆದರೂ ದಾಸ್ತಾನು ವಹಿಯ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ವರ್ಗಾವಣೆಯ ಹೊತ್ತಿಗೆ ಕೈಯಿಂದ ದುಡ್ಡು ಕಟ್ಟಬೇಕು ಎಂಬ ಭಯ. ಹಾಗಾಗಿ ಬೀಗ. ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ. ನಾನು ದಿನಾ ಅದನ್ನು ನೋಡುತ್ತಿದ್ದೆ, ಒಂದು ದಿನವೂ ತೆಗೆಯಿರಿ ಎನ್ನಲಿಲ್ಲ. ಆ ತಪ್ಪು ನನ್ನದೂ ಹೌದು.

ಒಂದು ದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆ. ಕಾಂಪೌಂಡು ಗೋಡೆ, ಸೋರುವ ನೀರಿನ ಟ್ಯಾಂಕು, ಬಿಸಿಯೂಟದ ಗ್ಯಾಸು, ಆಗಸ್ಟ್ ಹದಿನೈದಕ್ಕೆ ಯಾರು ಲಾಡು ಕೊಡಿಸುತ್ತಾರೆ ಎಂಬ ಮಾತು. ಎಲ್ಲ ಮುಗಿದು ಸಹಿ ಹಾಕಿಸುವ ಹೊತ್ತಿಗೆ, ಫುಡ್ ಪಾರ್ಕಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ತಾಯಿ ಕೂತಲ್ಲಿಂದಲೇ ಕೇಳಿದರು:

‘ಮೇಷ್ಟ್ರೇ, ಬಂದಾಗೆಲ್ಲ ನೋಡ್ತೀನಿ, ಆ ಬೀರಿಗೆ ಬೀಗ ಹಾಕೇ ಇರ್ತೈತೆ. ಒಳಗೇನೈತೆ?’

‘ಪುಸ್ತಕ ಕಣಮ್ಮ, ಮಕ್ಕಳ ಕಥೆ ಪುಸ್ತಕ.’

‘ಮಕ್ಕಳವಾದ್ರೆ ಮಕ್ಕಳ ಕೈಗೆ ಯಾವಾಗ ಕೊಡ್ತೀರಿ?’

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ಶನಿವಾರ ಬೀರು ತೆರೆಯಿತು. ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ವಹಿಯನ್ನು ಐದನೇ ತರಗತಿಯ ಮಕ್ಕಳೇ ಬರೆದರು. ಒಂದಷ್ಟು ಪುಸ್ತಕಗಳು ಹರಿದವು, ಒಂದೆರಡು ಕಳೆದವು. ಸಭೆಯಲ್ಲಿ ಅದನ್ನು ಓದಿ ಹೇಳಿ ನಡಾವಳಿಯಲ್ಲಿ ಬರೆಸಿದೆವು, ಅಲ್ಲಿಗೆ ಲೆಕ್ಕದ ಭಯವೂ ಮುಗಿಯಿತು. ಆ ವರ್ಷ ಕನ್ನಡ ಓದಲು ತಡವರಿಸುತ್ತಿದ್ದ ಎಷ್ಟೋ ಮಕ್ಕಳು ಓದಲು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಆ ಬೀರುವಿನಿಂದ. ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯದ ಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಆ ತಾಯಿಗೆ ಅನುಸೂಚಿ ಗೊತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಕೇಳಿದರು, ಅಷ್ಟೆ.

ಈ ಊರಿನ ಕಡೆಗೆ ಬರುತ್ತೇನೆ. ತುಮಕೂರಿನಿಂದ ಸಿರಾ ಕಡೆ ಹೋಗುವ ಹೆದ್ದಾರಿಯ ಈ ಬಗಲಿನಲ್ಲಿ ಹಿಂದೆ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದದ್ದನ್ನು ಇಲ್ಲಿ ಕೂತಿರುವ ಹಿರಿಯರು ಕಂಡಿದ್ದಾರೆ. ಆಮೇಲೆ ಕೈಗಾರಿಕಾ ಪ್ರದೇಶ ಬಂತು. 2014ರ ಸೆಪ್ಟೆಂಬರ್ 24ರಂದು ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಮಷಿನ್ ಟೂಲ್ ಪಾರ್ಕ್ ಬಂತು. 2023ರ ಫೆಬ್ರುವರಿ 6ರಂದು ಚೆನ್ನೈ–ಬೆಂಗಳೂರು ಕಾರಿಡಾರಿನ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಶಂಕುಸ್ಥಾಪನೆ ನಡೆಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆ. ಜಮೀನು ಹೋಗುವಾಗ ಎಕರೆಗೆ ಎಷ್ಟು, ಪರಿಹಾರ ಯಾವಾಗ, ಮನೆಗೊಂದು ಕೆಲಸ ಕೊಡುತ್ತಾರೋ ಇಲ್ಲವೋ ಎಂದು ನಾವು ಕಚೇರಿಯಿಂದ ಕಚೇರಿಗೆ ಅಲೆದವರು. ಕೇಳಲು ಅಂಜಲಿಲ್ಲ. ಅದೇ ಜನ ಮಗನ ಶಾಲೆಯ ಬಾಗಿಲಿಗೆ ಬಂದಾಗ ಮಾತ್ರ ಟವೆಲ್ಲು ಹೆಗಲಿನಿಂದ ಕೈಗೆ ಇಳಿಯುತ್ತದೆ. ‘ನಮಗೇನು ಗೊತ್ತು ಮೇಷ್ಟ್ರೇ, ನೀವೇ ನೋಡ್ಕಳಿ’ ಎನ್ನುತ್ತಾರೆ. ಎರಡು ಏಟು ಹಾಕಿ ಎಂದೂ ಸೇರಿಸುತ್ತಾರೆ. ಕಾಯ್ದೆ ಆ ಏಟನ್ನು ನಿಷೇಧಿಸಿದೆ, ಕೇಳುವ ಹಕ್ಕನ್ನು ಕೊಟ್ಟಿದೆ. ನಾವು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದೇವೆ.

ಆ ಹಕ್ಕು ಬಂದದ್ದು ಹೇಗೆ? ಅದರ ಒಂದು ಎಳೆ ನಮ್ಮ ಜಿಲ್ಲೆಯದೇ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರನ್ನು ನಾಡು ಅಣುವಿಜ್ಞಾನಿ ಎಂದೇ ಬಲ್ಲದು, 1974ರ ಪೋಖ್ರಾನ್ ಪರೀಕ್ಷೆಯ ಜೊತೆಗೆ ಅವರ ಹೆಸರು ಸೇರಿಕೊಂಡಿದೆ. ಅವರು ಕರ್ನಾಟಕದ ಶಿಕ್ಷಣ ಕಾರ್ಯಪಡೆಯ ಅಧ್ಯಕ್ಷರೂ ಆಗಿದ್ದರು ಎಂಬುದು ಇಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಆ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವು ಎಸ್‌ಡಿಎಂಸಿ ಎನ್ನುವುದನ್ನು, ರಚಿಸಿತು. ಅದಕ್ಕೆ ಮೊದಲು ಶಾಲೆಯ ಸಮಿತಿಗಳಲ್ಲಿ ಊರಿನ ದೊಡ್ಡವರು ಕೂರುತ್ತಿದ್ದರು, ಅವರ ಮಕ್ಕಳು ಎಷ್ಟೋ ಸಲ ತುಮಕೂರಿನ ಬೇರೆ ಶಾಲೆಗಳಲ್ಲಿ ಓದುತ್ತಿದ್ದರು. ಮಗು ಆ ಶಾಲೆಯಲ್ಲೇ ಓದುತ್ತಿರುವ ತಂದೆತಾಯಿಗೆ ಕುರ್ಚಿ ಸಿಕ್ಕಿದ್ದು ಈ ಆದೇಶದಿಂದ. ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಒಂಬತ್ತು ವರ್ಷಗಳ ಮೇಲೆ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವುದು ಅದರ ಕೆಲಸ.

‘ಶಾಲೆಯ ಕೆಲಸ’ ಎಂದರೆ ಏನು? ನಾನು ಸೇವೆಯಲ್ಲಿದ್ದಷ್ಟು ಕಾಲ ನೋಡಿದ ನಡಾವಳಿ ಪುಸ್ತಕಗಳಲ್ಲಿ ಅದರ ಅರ್ಥ ಸುಣ್ಣಬಣ್ಣ, ಶೌಚಾಲಯ, ಗೇಟು, ಧ್ವಜಕಟ್ಟೆ. ಇವೆಲ್ಲ ಬೇಕು, ಬೇಡವೆಂದು ಯಾರೂ ಹೇಳಲಾರರು. ಶೌಚಾಲಯವಿಲ್ಲದೆ ಏಳನೇ ತರಗತಿಯ ಹುಡುಗಿ ಶಾಲೆ ಬಿಟ್ಟದ್ದನ್ನು ಕಂಡವನು ನಾನು. ಆದರೆ ಪುಟದ ಮೇಲೆ ಪುಟ ತಿರುವಿದರೂ ‘ಮೂರನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಯಾಕೆ ಬರುತ್ತಿಲ್ಲ’ ಎಂಬ ಒಂದು ಸಾಲು ಸಿಗುತ್ತಿರಲಿಲ್ಲ. ಶಾಲೆಯೆಂದರೆ ಕಟ್ಟಡವೆಂದು ನಾವು ಹೆತ್ತವರಿಗೆ ಕಲಿಸಿಬಿಟ್ಟಿದ್ದೇವೆ. ನಡಾವಳಿಯನ್ನು ಮೊದಲೇ ಬರೆದಿಟ್ಟು, ಸಭೆಯ ದಿನ ಸಹಿ ಮತ್ತು ಹೆಬ್ಬೆಟ್ಟು ಪಡೆಯುವುದೂ ನಡೆದಿದೆ. ಪಾಳಿಯ ಕೆಲಸದವರಿಗೆ ಹಗಲು ಹನ್ನೊಂದಕ್ಕೆ ಸಭೆ ಕರೆದು ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ವರದಿ ಬರೆದದ್ದೂ ಉಂಟು. ಒಂದು ದಿನದ ಕೂಲಿ ಬಿಟ್ಟು ಬರಬೇಕಾದವರಿಗೆ ಆಸಕ್ತಿಯಿಲ್ಲವೆನ್ನುವುದು ಅನ್ಯಾಯದ ಮಾತು. ಇವತ್ತಿನ ಸಭೆಯನ್ನು ಭಾನುವಾರ ಇಟ್ಟದ್ದಕ್ಕೆ ಎಷ್ಟು ಜನ ಬಂದಿದ್ದಾರೆ, ನೋಡಿ.

ಏನು ಕಲಿಸಬೇಕೆಂದು ತೀರ್ಮಾನಿಸುವ ಜಾಗಗಳು ಮೂರು, ಒಂದೊಂದರಲ್ಲೂ ಹೆತ್ತವರ ಕೈ ಒಂದೊಂದು ಉದ್ದಕ್ಕೆ ಚಾಚುತ್ತದೆ.

ಎಲ್ಲಕ್ಕಿಂತ ದೂರದ್ದು ಪಠ್ಯಪುಸ್ತಕ. ಅದನ್ನು ಬೆಂಗಳೂರಿನಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ ಮತ್ತು ಪಠ್ಯಪುಸ್ತಕ ಸಂಘ ತಯಾರಿಸುತ್ತವೆ. ಈ ವಿಷಯದಲ್ಲಿ ನಾಡು ಕಂಡ ದೊಡ್ಡ ಗದ್ದಲದ ಎರಡು ಕೊನೆಗಳೂ ನಮ್ಮ ಜಿಲ್ಲೆಗೆ ಬಂದು ಸೇರುತ್ತವೆ. ಸಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥರ ಸಮಿತಿ ಮತ್ತೆ ಪರಿಷ್ಕರಿಸಿ 2022ರಲ್ಲಿ ತಂದಾಗ ಶಿಕ್ಷಣ ಸಚಿವರಾಗಿದ್ದವರು ತಿಪಟೂರಿನ ಆಗಿನ ಶಾಸಕ ಬಿ.ಸಿ. ನಾಗೇಶ್. ಸಾಹಿತಿಗಳು ಮಾತಾಡಿದರು, ಮಠಾಧೀಶರು ಪತ್ರ ಬರೆದರು, ದೇವನೂರ ಮಹಾದೇವ ಅವರು ತಮ್ಮ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಸರ್ಕಾರ ಕೆಲವು ತಿದ್ದುಪಡಿ ಮಾಡಿತು. 2023ರಲ್ಲಿ ಹೊಸ ಸರ್ಕಾರ ಬಂದು ಶಾಲೆ ಶುರುವಾದ ಮೇಲೆ ಮತ್ತೆ ಪಾಠ ಬದಲಾಯಿಸಿತು. ಈ ಎರಡು ವರ್ಷ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ನನಗೆ ನೋವಾದದ್ದು ಬೇರೆ ಕಾರಣಕ್ಕೆ. ಅಷ್ಟೆಲ್ಲ ಮಾತಿನ ನಡುವೆ, ಆ ಪುಸ್ತಕವನ್ನು ಚೀಲದಲ್ಲಿ ಹೊತ್ತು ಹೋಗುವ ಮಗುವಿನ ಅಪ್ಪನನ್ನೋ ಅವ್ವನನ್ನೋ ‘ನಿಮ್ಮ ಮಗುವಿಗೆ ಈ ಪಾಠ ಅರ್ಥವಾಯಿತೇ’ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಎಸ್‌ಡಿಎಂಸಿಗಳು ಆಗ ತಾವಾಗಿಯೇ ಕೂತು, ಪಾಠ ಓದಿಸಿ ಕೇಳಿ, ಒಂದು ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕಳಿಸಬಹುದಿತ್ತು. ಹಾಗೆ ಮಾಡಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಎರಡನೆಯದು ಮಾಧ್ಯಮ, ಅಂದರೆ ಪಾಠ ನಡೆಯುವ ಭಾಷೆ. ಇಲ್ಲಿ ಹೆತ್ತವರು ಗೆದ್ದಿದ್ದಾರೆ, ಮತ್ತು ಆ ಗೆಲುವು ನನ್ನನ್ನು ಚಿಂತೆಗೆ ಹಚ್ಚಿದೆ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ ಗೋಕಾಕ್ ವರದಿ, ಅದರ ಜಾರಿಗಾಗಿ ನಡೆದ 1982ರ ಚಳವಳಿ ಕಂಡ ತಲೆಮಾರು ನಮ್ಮದು. 1994ರ ಏಪ್ರಿಲ್ 29ರ ಆದೇಶದಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದಿತು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಗುವಿನ ಮಾತೃಭಾಷೆ ಯಾವುದು ಎಂದು ಹೇಳುವವರು ಹೆತ್ತವರು, ಯಾವ ಮಾಧ್ಯಮವೆಂದು ಆರಿಸುವ ಸ್ವಾತಂತ್ರ್ಯವೂ ಮಗು ಮತ್ತು ಹೆತ್ತವರದು ಎಂದಿತು. ತೀರ್ಪು ಬರುವ ಮೊದಲೇ ಹಳ್ಳಿಹಳ್ಳಿಗೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಬಂದಿದ್ದವು. ಸರ್ಕಾರಿ ಶಾಲೆಗಳು ಖಾಲಿಯಾಗತೊಡಗಿದವು. ಕೊನೆಗೆ 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಹೆಚ್ಚಿನ ಪೋಷಕರು ಅರ್ಜಿ ಬರೆಯಲಿಲ್ಲ, ಧರಣಿ ಕೂರಲಿಲ್ಲ. ಟಿ.ಸಿ. ಪಡೆದು ಹೋದರು, ಸರ್ಕಾರದ ನೀತಿ ಅವರ ಹಿಂದೆ ನಡೆದು ಹೋಯಿತು.

ಅವರನ್ನು ಬೈಯುವ ಮನಸ್ಸು ನನಗಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಇಂಗ್ಲಿಷ್ ಅರ್ಜಿ ತುಂಬಲಾರದೆ ನಿಂತವನು ತನ್ನ ಮಗನಿಗೆ ಆ ಅವಮಾನ ಬೇಡವೆಂದುಕೊಂಡರೆ ಅದು ಪ್ರೀತಿ. ಆದರೆ ಒಂದು ಸಂಗತಿ ಅವರಿಗೆ ತಿಳಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗೆ ಅನ್ವಯಿಸುವುದಿಲ್ಲ. ವ್ಯಾನು ಹತ್ತಿಸಿದ ದಿನ ನೀವು ಶುಲ್ಕ ಕಟ್ಟುವವರಾದಿರಿ, ಕಾನೂನು ಕೊಟ್ಟ ಕುರ್ಚಿಯನ್ನು ಬಿಟ್ಟು ಬಂದಿರಿ. ಆ ಶಾಲೆಯಲ್ಲಿ ಮಗಳಿಗೆ ಗಣಿತ ಅರ್ಥವಾಗದಿದ್ದರೆ ‘ಟ್ಯೂಷನ್‌ಗೆ ಹಾಕಿ’ ಎನ್ನುತ್ತಾರೆ. ಇಲ್ಲಾದರೆ ನೀವು ಸಮಿತಿಯಲ್ಲಿ ಕೂತು ಕೇಳಬಹುದಿತ್ತು. ಇಂಗ್ಲಿಷ್ ಬೇಕೆಂದು ಊರನ್ನು ಬಿಡುವ ಬದಲು, ಊರಿನ ಶಾಲೆಯಲ್ಲೇ ಕನ್ನಡದಲ್ಲಿ ಯೋಚಿಸಲು, ಇಂಗ್ಲಿಷಿನಲ್ಲಿ ಮಾತಾಡಲು ಎರಡನ್ನೂ ಚೆನ್ನಾಗಿ ಕಲಿಸಿ ಎಂದು ಪಟ್ಟು ಹಿಡಿದವರು ಕಡಿಮೆ. ಗಡಿಯಾಚೆ ಕಾಸರಗೋಡಿನ ಕನ್ನಡ ಪೋಷಕರನ್ನು ನೋಡಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ಕಳಿಸಿದಾಗೆಲ್ಲ ಅವರು ಶಾಲೆಯ ಮುಂದೆ ಕೂತಿದ್ದಾರೆ, ನ್ಯಾಯಾಲಯಕ್ಕೂ ಹೋಗಿದ್ದಾರೆ. ಮಗು ಕಲಿಯುವ ಭಾಷೆ ಮೇಷ್ಟ್ರಿಗೆ ಬರಬೇಕು ಎಂಬಷ್ಟೇ ಅವರ ಕೇಳಿಕೆ. ನಾವು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದನ್ನು ಅವರು ಎಷ್ಟು ಕಷ್ಟಪಟ್ಟು ಹಿಡಿದುಕೊಂಡಿದ್ದಾರೆ!

ಮೂರನೆಯ ಜಾಗ ತರಗತಿಯ ಕೋಣೆ. ನನ್ನ ಮಾತಿನ ತಿರುಳು ಇಲ್ಲಿದೆ. ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಗಲಿ, ಪಾಠ ಹುಟ್ಟುವುದು ಈ ಕೋಣೆಯಲ್ಲಿ. ಇಲ್ಲಿ ಹೆತ್ತವರ ಮಾತಿಗೆ ಇರುವಷ್ಟು ಬಲ ಬೇರೆಲ್ಲೂ ಇಲ್ಲ.

ಕಾಯ್ದೆಯ 24ನೇ ಸೆಕ್ಷನ್ ಓದಿ. ತಂದೆತಾಯಿಯರ ಸಭೆಯನ್ನು ನಿಯಮಿತವಾಗಿ ಕರೆದು, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿತದ್ದು ಎಷ್ಟು ಎಂದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದಿದೆ. ಅದು ಶಿಕ್ಷಕ ಮಾಡುವ ಉಪಕಾರವಲ್ಲ. ನಮ್ಮ ಒಂದರಿಂದ ಮೂರನೇ ತರಗತಿಯಲ್ಲಿರುವ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹರಡಿದ ಪದ್ಧತಿ. ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗುವಿಗೂ ಪ್ರಗತಿ ನೋಟ ಇರುತ್ತದೆ. ಅಕ್ಷರ ಬಾರದ ಅವ್ವನೂ ಆ ಏಣಿಯ ಮುಂದೆ ನಿಂತು ‘ನನ್ನ ಮಗಳು ಈಗ ಯಾವ ಮೆಟ್ಟಿಲಲ್ಲಿದ್ದಾಳೆ, ಹೋದ ತಿಂಗಳು ಎಲ್ಲಿದ್ದಳು’ ಎಂದು ಕೇಳಬಹುದು. ಹೀಗೆ ಕೇಳಿದ ಅವ್ವಂದಿರಿರುವ ಶಾಲೆಯಲ್ಲಿ ಮೇಷ್ಟ್ರು ಏಣಿಯನ್ನು ದೂಳು ಹಿಡಿಯಲು ಬಿಡುವುದಿಲ್ಲ. ಇದು ನನ್ನ ಅನುಭವದ ಮಾತು.

ಕೇಳುವುದಷ್ಟೇ ಅಲ್ಲ, ಕೊಡುವುದೂ ಇದೆ. ಆರನೇ ತರಗತಿಗೆ ದಶಮಾಂಶ ಪಾಠ ಮಾಡುವಾಗ ನಾನು ಸೋತಿದ್ದೆ. 0.1 ಎಂದರೆ ಹತ್ತರಲ್ಲೊಂದು ಎಂದು ಬಾಯಿಪಾಠ ಒಪ್ಪಿಸುತ್ತಾರೆ, 0.08 ದೊಡ್ಡದೋ 0.1 ದೊಡ್ಡದೋ ಎಂದರೆ ‘ಎಂಟು ದೊಡ್ಡದು ಸಾ’ ಎನ್ನುತ್ತಾರೆ. ಒಬ್ಬ ಹುಡುಗನ ಅಪ್ಪ ಇಲ್ಲೇ ಮಷಿನ್ ಶಾಪಿನಲ್ಲಿ ಟರ್ನರ್. ಬಿಡುವಿನ ದಿನ ಬನ್ನಿ ಎಂದೆ. ತಮ್ಮ ಸ್ವಂತ ವರ್ನಿಯರ್ ಕ್ಯಾಲಿಪರ್‌ ಬಟ್ಟೆಯಲ್ಲಿ ಸುತ್ತಿ ತಂದರು. ಪಾಠ ಮಾಡುವುದು ನನಗೆ ಬರಲ್ಲ ಎಂದು ಬಾಗಿಲಲ್ಲೇ ನಿಂತರು. ಆಮೇಲೆ ಗಣಿತದ ಪುಸ್ತಕದ ಐವತ್ತು ಹಾಳೆಗಳನ್ನು ಒತ್ತಿ ಹಿಡಿದು ಅಳೆದು ತೋರಿಸಿದರು. ನಾಲ್ಕು ಮಿಲಿಮೀಟರ್ ಬಂತು. ‘ಹಂಗಾದ್ರೆ ಒಂದು ಹಾಳೆ?’ ಎಂದು ಕೇಳಿದರು. ಮಕ್ಕಳು ಭಾಗಿಸಿದರು: 0.08. ‘ನಾವು ಜಾಬ್ ಮಾಡುವಾಗ ಈ ಹಾಳೆಯಷ್ಟು ದಪ್ಪ ಹೆಚ್ಚುಕಮ್ಮಿ ಆದ್ರೆ ಪೀಸು ರಿಜೆಕ್ಟು’ ಎಂದರು. ಅವತ್ತಿನಿಂದ ದಶಮಾಂಶ ಬಿಂದು ಆ ಮಕ್ಕಳಿಗೆ ಕಣ್ಣಿಗೆ ಕಾಣುವ ವಸ್ತುವಾಯಿತು. ಆ ಹುಡುಗನ ಮುಖವನ್ನು ನೀವು ನೋಡಬೇಕಿತ್ತು. ಅಪ್ಪನ ಎಣ್ಣೆ ಜಿಡ್ಡಿನ ಕೈ ತರಗತಿಯಲ್ಲಿ ಗೌರವದ ಕೈಯಾಗಿತ್ತು.

ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಕಲಿಸಬೇಕೆಂದು ಅದೇ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕೈಯಲ್ಲೇ ಇದೆ. ಗುಬ್ಬಿಯ ಅಡಿಕೆ ತೋಟದವರು, ಕುಣಿಗಲ್ಲಿನ ಕೆರೆಯ ಕೆಳಗಿನ ಗದ್ದೆಯವರು, ಇಲ್ಲಿಯ ಲೇತು ತಿರುಗಿಸುವವರು, ಪ್ಯಾಕಿಂಗ್ ಲೈನಿನಲ್ಲಿ ದಿನಾಂಕದ ಮುದ್ರೆ ನೋಡುವವರು ತಿಳಿದಿರುವುದು ಪರಿಸರ ಅಧ್ಯಯನದ ಪುಸ್ತಕದಲ್ಲಿ ಅಚ್ಚಾಗಿಲ್ಲ. ಕಾರ್ಖಾನೆ ಬಂದ ಮೇಲೆ ನಮ್ಮ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಯಿತು, ಯಾವ ಬೆಳೆ ನಿಂತಿತು ಎಂಬುದನ್ನು ಮಕ್ಕಳು ಅಜ್ಜಂದಿರನ್ನು ಕೇಳಿ ಬರೆದರೆ ಅದಕ್ಕಿಂತ ಒಳ್ಳೆಯ ಸಮಾಜ ವಿಜ್ಞಾನ ಯಾವುದು?

ಒಂದು ಎಚ್ಚರಿಕೆಯನ್ನೂ ಹೇಳದೆ ಹೋಗಲಾರೆ. ಹೆತ್ತವರು ಒತ್ತಾಯಿಸಿದ್ದೆಲ್ಲ ನ್ಯಾಯವಲ್ಲ. ಬಿಸಿಯೂಟ ಮಾಡುವ ಹೆಣ್ಣುಮಗಳು ದಲಿತಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ 2025ರಲ್ಲಿ ಚಾಮರಾಜನಗರ ಜಿಲ್ಲೆಯಿಂದ ಬಂದಾಗ ನಾನು ಆ ದಿನ ಊಟ ಮಾಡಲಿಲ್ಲ. ಅದೂ ಹೆತ್ತವರ ‘ಪ್ರಭಾವ’ವೇ. ಹುಡುಗಿಯರಿಗೆ ಆಟದ ಪೀರಿಯಡ್ ಯಾಕೆ, ಅವರಿಗೆ ಸಂತಾನೋತ್ಪತ್ತಿಯ ಪಾಠ ಬೇಡ ಎನ್ನುವವರನ್ನೂ ಕಂಡಿದ್ದೇನೆ. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು ಎಂಬುದನ್ನು 29ನೇ ಸೆಕ್ಷನ್ ಮೊದಲ ಷರತ್ತಾಗಿ ಇಟ್ಟಿದೆ. ಹೆತ್ತವರ ಹಕ್ಕು ಆ ಗೆರೆಯವರೆಗೆ. ಗೆರೆ ದಾಟಿದ ಮಾತಿಗೆ ಮುಖ್ಯೋಪಾಧ್ಯಾಯರು ‘ಆಗುವುದಿಲ್ಲ’ ಎನ್ನಬೇಕು, ಸಮಿತಿಯ ಉಳಿದವರು ಅವರ ಬೆನ್ನಿಗೆ ನಿಲ್ಲಬೇಕು. ಶಾಲೆಯ ಮೇಲೆ ಹೆತ್ತವರಿಗಿಂತ ಹೆಚ್ಚಿನ ಹಕ್ಕು ಮಗುವಿನದು.

ಇನ್ನು, ಹಿಂದಿನ ಸಾಲಿನಲ್ಲಿ ಕೂತಿರುವ, ಬಿಹಾರದಿಂದ, ಒಡಿಶಾದಿಂದ ಕೆಲಸಕ್ಕೆ ಬಂದಿರುವ ಅಣ್ಣಂದಿರಿಗೆ ಒಂದು ಮಾತು. ಮಾತೃಭಾಷೆಯ ಬಗ್ಗೆ ಇಷ್ಟು ಮಾತಾಡಿದ ನಾನು ನಿಮ್ಮ ಮಕ್ಕಳನ್ನು ಮರೆತರೆ ತಪ್ಪಾಗುತ್ತದೆ. ಅವರು ಆರು ತಿಂಗಳಲ್ಲಿ ಕನ್ನಡ ಕಲಿತು ನಿಮಗೇ ಅಂಗಡಿಯಲ್ಲಿ ದುಭಾಷಿಗಳಾಗುವುದನ್ನು ನೋಡಿದ್ದೇನೆ. ಆ ಆರು ತಿಂಗಳು ಮಾತ್ರ ಅವರು ಹಿಂದಿನ ಬೆಂಚಿನಲ್ಲಿ ಮೂಕರಾಗಿ ಕೂತಿರುತ್ತಾರೆ. ನಿಮ್ಮಲ್ಲಿ ಒಬ್ಬಿಬ್ಬರು ಎಸ್‌ಡಿಎಂಸಿಗೆ ಬನ್ನಿ. ಕನ್ನಡ ಬರುವುದಿಲ್ಲವೆಂದು ಹಿಂಜರಿಯಬೇಡಿ, ನಿಮ್ಮ ಮಗಳೇ ನಿಮ್ಮ ಪಕ್ಕ ಕೂತು ಹೇಳಿಕೊಡುತ್ತಾಳೆ. ಊರಿನವರು ಜಾಗ ಬಿಟ್ಟುಕೊಡಬೇಕು. ನಾವು ಜಮೀನನ್ನೇ ಕೊಟ್ಟವರು, ಒಂದು ಕುರ್ಚಿ ಕೊಡಲಾರೆವೇ?

ಕೇಳಿದರೆ ಮೇಷ್ಟ್ರು ಮುನಿಸಿಕೊಂಡು ಮಗುವಿನ ಮೇಲೆ ತೀರಿಸಿಕೊಳ್ಳುತ್ತಾರೆ ಎಂಬ ಅಂಜಿಕೆ ನಿಮಗಿದೆ ಎಂದು ಬಲ್ಲೆ. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ. ಬಾಯಿಮಾತಿನಲ್ಲಿ ಬಗೆಹರಿಯದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಬರೆದು ಕೊಡಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಮೂರು ತಿಂಗಳೊಳಗೆ ಅದನ್ನು ವಿಚಾರಿಸಿ ತೀರ್ಮಾನಿಸಬೇಕು. ಮೇಷ್ಟ್ರ ಕಷ್ಟವನ್ನೂ ಕೇಳಿ. ಒಬ್ಬನೇ ಮೂರು ತರಗತಿ ನೋಡಿಕೊಂಡು, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬುತ್ತಿರುವವನು ಪಾಠಕ್ಕೆ ಉಳಿಸಿಕೊಂಡ ಹೊತ್ತೆಷ್ಟು ಎಂದು ಕೇಳಿದರೆ, ಅವನೇ ನಿಮ್ಮ ಮೊದಲ ಜೊತೆಗಾರನಾಗುತ್ತಾನೆ. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ಕಾಯ್ದೆ ಹೇಳುವಾಗ, ಖಾಲಿ ಹುದ್ದೆಗೆ ಜನ ಕೊಡಿ ಎಂಬ ಠರಾವು ಹೆತ್ತವರಿಂದ ಹೋದರೆ ಅದರ ತೂಕವೇ ಬೇರೆ.

ಇಲ್ಲಿರುವ ಪ್ರತಿಯೊಬ್ಬ ಅಪ್ಪನಲ್ಲಿ, ಅವ್ವನಲ್ಲಿ ನಾನು ಬೇಡುವುದು ಇಷ್ಟು: ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ. ನಿಮ್ಮ ಪಾಳಿಗೆ ಹೊಂದುವ ಹೊತ್ತಿಗೆ ಸಭೆ ಇಡಿ ಎಂದು ಮೊದಲೇ ಹೇಳಿ. ಗೋಡೆ, ಗೇಟಿನ ಮಾತು ಮುಗಿದ ಮೇಲೆ ಎದ್ದು ನಿಂತು, ಈ ತಿಂಗಳು ನಮ್ಮ ಮಕ್ಕಳು ಏನು ಕಲಿತರು ಎಂದು ಕೇಳಿ. ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ನಿಮ್ಮ ಹೆಸರಿನೊಂದಿಗೆ ಬರೆಸಿ, ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ.